ಪಿಸುಮಾತು ಕೇಳುವ ಕ್ಯಾಬಿನ್

ವಿಜಯಪುರದ ಸೋಲಾಪುರ ರಸ್ತೆಯಲ್ಲಿ ಈಗ ಗಾಡಿಗಳ ಒಳಗಿನ ಕೆಲಸ ಮಾಡುವ ಅಂಗಡಿಗಳು ಸಾಲಾಗಿ ನಿಂತಿವೆ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಇಬ್ರಾಹಿಂಪುರದ ನನ್ನ ಮನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಮಾಮಾ, ಯಾವ ಶೀಟ್ ಹಾಕಿದ್ರ ಸಪ್ಪಳ ಪೂರಾ ಬಂದ್ ಆಗತೈತ್ರಿ?" ಅಂಥ ಶೀಟು ಯಾವುದೂ ಇಲ್ಲ ಎಂದರೆ ಅವರ ಮುಖ ಸಣ್ಣಗಾಗುತ್ತದೆ. ಮೊಣಕಾಲು ಕೈಕೊಟ್ಟ ಮೇಲೆ ನಾನು ಅಂಗಡಿ ಮುಚ್ಚಿದ್ದೇನೆ. ಬಾಯಲ್ಲಿ ಹೇಳಿದ್ದು ಅವರಿಗೆ ನೆನಪಿರುವುದಿಲ್ಲ, ನನಗೂ ಕುಳಿತಲ್ಲಿ ಹೊತ್ತು ಹೋಗುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ನನ್ನ ಹೆಸರು ಇಮಾಮಸಾಬ. ಲಾರಿ, ಟೆಂಪೋ, ಜೀಪುಗಳ ಮುಂಭಾಗದಲ್ಲಿ, ಅಂದರೆ ಡ್ರೈವರ್ ಕೂಡುವ ಕ್ಯಾಬಿನ್ನಿನಲ್ಲಿ, ಕುಶನ್, ರಬ್ಬರು, ಮ್ಯಾಟು ಹಾಕುವುದರಲ್ಲೇ ನನ್ನ ಆಯುಷ್ಯ ಹೋಯಿತು. ಕುಶನ್ ಕೆಲಸ ಎಂದರೆ ಜನ ಸೀಟು ಹೊಲಿಯುವುದು ಎಂದುಕೊಳ್ಳುತ್ತಾರೆ. ಸೀಟು ಅದರಲ್ಲಿ ಸುಲಭದ ಪಾಲು. ಹೊರಗಿನ ಸದ್ದು, ಗಾಳಿ, ಧೂಳು ಇವನ್ನು ಒಳಗೆ ಬಿಡದಿರುವುದು ಕಷ್ಟದ ಪಾಲು.

ಕೆಲಸ ಕಲಿಸಿದವರು ಅಬ್ದುಲ್‌ಸಾಬ್ ಉಸ್ತಾದರು. ರೈಲು ಹಳಿಯ ಈಚೆಗೆ, ಬೇವಿನ ಗಿಡದ ಕೆಳಗೆ ಅವರ ತಗಡಿನ ಶೆಡ್ಡು ಇತ್ತು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಗಾಡಿ ಬಂದ ಕೂಡಲೇ ಕತ್ತರಿ ಹಿಡಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಮೊದಲ ಒಳಗ ಕುಂಡ್ರಲೇ. ಗಾಡಿ ಏನ್ ಹೇಳಾಕತ್ತೈತಿ ಕೇಳು. ಆಮ್ಯಾಲ ಕತ್ರಿ ಹಿಡಿ" ಎನ್ನುತ್ತಿದ್ದರು.

ತಾವೇ ಡ್ರೈವರನ ಪಕ್ಕ ಕುಳಿತು ತೊರವಿಯವರೆಗೆ ಹೋಗಿ ಬರುತ್ತಿದ್ದರು. ರಸ್ತೆ ಖಾಲಿ ಇದ್ದಾಗ ಸ್ವಲ್ಪ ದೂರ ಗೇರು ಬಿಡಿಸಿ ಗಾಡಿಯನ್ನು ಸುಮ್ಮನೆ ಉರುಳಲು ಬಿಡಲು ಹೇಳುವರು. ಆಗ ಎಂಜಿನ್ ಸಪ್ಪಳ ತಗ್ಗಿ ಗಾಲಿಯ ಸದ್ದು ಬೇರೆಯಾಗಿ ಕೇಳುತ್ತದೆ. ವೇಗ ಹೆಚ್ಚಿದಂತೆ ಎಲ್ಲೋ ಸಂದಿನಲ್ಲಿ ಸಿಳ್ಳೆ ಶುರುವಾದರೆ ಅದು ಗಾಳಿಯದು. ಮೂರೂ ಬೇರೆ ರೋಗ, ಮದ್ದೂ ಬೇರೆ. ಗಾಲಿಯ ಸದ್ದಿಗೆ ಅಲುಗುವ ತಗಡಿಗೆ ಭಾರದ ಡಾಂಬರು ಶೀಟು ಅಂಟಿಸಬೇಕು. ಎಂಜಿನ್ನಿಗೆ ದಪ್ಪ ಫೋಮು, ಅದರ ಮೇಲೆ ತೂಕದ ರಬ್ಬರು. ಗಾಳಿಗೆ ಇವೆರಡೂ ನಾಟುವುದಿಲ್ಲ, ಅದು ಬರುವ ಸಂದನ್ನೇ ಹುಡುಕಿ ಮುಚ್ಚಬೇಕು. ಹುಡುಕಲು ಉಸ್ತಾದರ ಬಳಿ ಇದ್ದದ್ದು ಊದಿನಕಡ್ಡಿ ಮತ್ತು ಸೀಮೆಸುಣ್ಣ. ಕಡ್ಡಿಯ ಹೊಗೆ ಎಲ್ಲಿ ಓಲಾಡಿತೋ ಅಲ್ಲಿ ಸಂದು ಇದೆ ಎಂದು ತಿಳಿಯುತ್ತಿತ್ತು. ಬಾಗಿಲಿನ ರಬ್ಬರಿಗೆ ಸುಣ್ಣ ಸವರಿ ಬಾಗಿಲು ಹಾಕಿ ತೆಗೆದರೆ ಚೌಕಟ್ಟಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ಎಲ್ಲಿ ತುಂಡಾಯಿತೋ ಅಲ್ಲಿ ಗಾಳಿಗೆ ದಾರಿ ಇದೆ ಎಂದರ್ಥ.

ಒಮ್ಮೆ ತೊರವಿಯ ರೈತರೊಬ್ಬರ ಜೀಪು ಬಂತು. ಆಷಾಢದ ಗಾಳಿಗೆ ಒಳಗೆಲ್ಲ ಮಣ್ಣು ತುಂಬುತ್ತದೆ ಎಂದು ಅವರ ದೂರು. ಉಸ್ತಾದರು ಯಾವುದೋ ಹುರುಪಿನಲ್ಲಿ ಬಾಗಿಲಿನ ತಳದಲ್ಲಿದ್ದ ಸಣ್ಣ ತೂತುಗಳನ್ನೂ ಮುಚ್ಚಿಬಿಟ್ಟರು. ಮಳೆ ಶುರುವಾದ ಮೇಲೆ ಆ ರೈತರು ಮತ್ತೆ ಬಂದರು. ಜೀಪು ತಿರುಗಿದಾಗ ಬಾಗಿಲಿನೊಳಗೆ ನೀರು ತುಳುಕುವುದು ನಮಗೆ ಶೆಡ್ಡಿನಲ್ಲಿ ನಿಂತಲ್ಲಿಗೇ ಕೇಳಿಸಿತು. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೋಗಲು ಜಾಗವಿಲ್ಲದೆ ಒಳಗೇ ನಿಂತಿತ್ತು. ಉಸ್ತಾದರು ನೆಲದ ಮೇಲೆ ಕುಳಿತು ದಬ್ಬಳದಿಂದ ಚುಚ್ಚಿದರು. ತುಕ್ಕಿನ ನೀರೆಲ್ಲ ಅವರ ಬಿಳಿ ಅಂಗಿಯ ಮೇಲೆ ಸುರಿಯಿತು. ಎದ್ದು ನಿಂತು, ನಮ್ಮೆಲ್ಲರ ಮುಂದೆಯೇ, "ತಪ್ಪು ನಂದ್ರಿ. ಅದು ನೀರು ಹೋಗೋ ದಾರಿ, ನಾ ಮುಚ್ಚಿದೆ" ಎಂದರು. ಇಷ್ಟು ನೇರವಾಗಿ ಗಿರಾಕಿಯ ಮುಂದೆ ತಪ್ಪೊಪ್ಪಿಕೊಂಡ ಇನ್ನೊಬ್ಬ ಉಸ್ತಾದನನ್ನು ನಾನು ನೋಡಿಲ್ಲ. ಹೊಸಬರಿಗೆ ಇದನ್ನೇ ಹೇಳುತ್ತೇನೆ, ಕಂಡ ತೂತನ್ನೆಲ್ಲ ಮುಚ್ಚಬೇಡಿ. ಅದರಲ್ಲೂ ಒಳಗೆ ಒಲೆ ಹಚ್ಚಿ ಮಲಗುವ ಮನೆಗಾಡಿಗಳಲ್ಲಿ ಉಸಿರಿಗೆ ದಾರಿ ಬಿಡದಿದ್ದರೆ ಜೀವಕ್ಕೇ ಕುತ್ತು.

ಉಸ್ತಾದರು ಕೊನೆಕೊನೆಗೆ ಕಿವಿ ಕಳೆದುಕೊಂಡರು. ಆಯುಷ್ಯವಿಡೀ ತಗಡು ಬಡಿದವರು, ಕಿವಿಗೆ ಒಂದು ಹತ್ತಿ ಕೂಡ ಇಟ್ಟವರಲ್ಲ. ಒಂದು ದಿನ ಗೂಡ್ಸ್ ರೈಲು ಶೆಡ್ಡನ್ನೇ ನಡುಗಿಸುತ್ತ ಹಾದುಹೋಯಿತು, ಅವರು ನನ್ನ ಜೊತೆ ಅದೇ ಮೆಲುದನಿಯಲ್ಲಿ ಮಾತಾಡುತ್ತಲೇ ಇದ್ದರು. ನನಗೆ ಗೊತ್ತಾದದ್ದು ಆಗ. ಆಮೇಲೂ ಕೆಲಸ ಬಿಡಲಿಲ್ಲ. ಎಂಜಿನ್ ಚಾಲೂ ಮಾಡಿಸಿ ಅಂಗೈಯನ್ನು ತಗಡಿನ ಮೇಲಿಟ್ಟು, "ಇಲ್ಲಿ ನಡಗಾಕತ್ತೈತಿ" ಎಂದು ತೋರಿಸುತ್ತಿದ್ದರು. ಅದು ತಪ್ಪುತ್ತಿರಲಿಲ್ಲ. ಆದರೆ ಗಾಳಿಯ ಸಿಳ್ಳೆ ಅಂಗೈಗೆ ಸಿಗುವುದಿಲ್ಲ. ಅದಕ್ಕೆ ನನ್ನ ಮುಖ ನೋಡುತ್ತಿದ್ದರು. ನೀವು ಕಿವಿಗೆ ಮುಚ್ಚಳ ಹಾಕಿಕೊಂಡು ಕೆಲಸ ಮಾಡಿ. ಈಗಿನವರು ಫೋನು ಹಿಡಿದು ಸಪ್ಪಳ ಅಳೆಯುತ್ತಾರೆ, ಒಳ್ಳೆಯದೇ. ಆಗ ಅದಿದ್ದಿದ್ದರೆ ಉಸ್ತಾದರು ನನ್ನ ಮುಖ ನೋಡಬೇಕಾಗುತ್ತಿರಲಿಲ್ಲ.

ಅವರು ತೀರಿಕೊಂಡ ಮೇಲೆ ಶೆಡ್ಡು ನನ್ನ ಪಾಲಿಗೆ ಬಂತು. ನೂರಾರು ಗಾಡಿ ಮಾಡಿರಬೇಕು, ಹೆಚ್ಚಿನವು ಮರೆತಿವೆ. ಮರೆಯದ ಗಾಡಿ ಒಂದಿದೆ. ಅಂಗಡಿ ಮುಚ್ಚುವ ಸ್ವಲ್ಪ ಕಾಲ ಮುಂಚೆ ಬಬಲೇಶ್ವರದ ಮಲ್ಲಪ್ಪ ತಂದದ್ದು.

ಮಲ್ಲಪ್ಪ ನನಗಿಂತ ಹಿರಿಯ, ಹಳೇ ಗಿರಾಕಿ. ಹರೆಯದಿಂದ ಮುಪ್ಪಿನವರೆಗೂ ತಿಕೋಟಾದಿಂದ ಒಣದ್ರಾಕ್ಷಿ ಲೋಡು ತುಂಬಿಕೊಂಡು ಉತ್ತರದ ಊರುಗಳಿಗೆ ಲಾರಿ ಹೊಡೆದವನು. ಹೋದರೆ ವಾರಗಟ್ಟಲೆ ಮನೆ ಕಡೆ ಮುಖವಿಲ್ಲ. ಲಾರಿಯ ಸೀಟು ಹೊಲಿಸಲು ಎಷ್ಟೋ ಸಲ ಬಂದಿದ್ದಾನೆ, ಆದರೆ ಸಪ್ಪಳ ಹೆಚ್ಚು ಎಂದು ಒಂದು ಸಲವೂ ಅಂದವನಲ್ಲ. ಈ ಸಲ ಅವನು ತಂದದ್ದು ಹಳೆಯ ಟೆಂಪೋ ವ್ಯಾನು. ಹಿಂದಿನ ಸೀಟುಗಳನ್ನು ತೆಗೆಸಿ ಒಂದು ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ಗೋಡೆಗೆ ಕಪಾಟು ಕೂಡಿಸಿದ್ದ. ಗಾಲಿಯ ಮೇಲೊಂದು ಮನೆ. ಮುಂದೆ ಎರಡು ಸೀಟು, ಅವುಗಳ ನಡುವೆ ತಗಡಿನ ಮುಚ್ಚಳದ ಕೆಳಗೆ ಎಂಜಿನ್ನು.

"ಇಮಾಮ, ಇದರಾಗ ಸಪ್ಪಳ ಕಡಿಮಿ ಮಾಡಬೇಕು" ಅಂದ.

"ಎಷ್ಟು ಕಡಿಮಿ ಆಗಬೇಕು ಮಲ್ಲಣ್ಣಾ?"

ಅವನು ಗಾಡಿಯ ಕಡೆ ಕೈ ತೋರಿಸಿದ. ಎಡಗಡೆ ಸೀಟಿನಲ್ಲಿ ಅವನ ಹೆಂಡತಿ ನೀಲವ್ವ ಕುಳಿತಿದ್ದರು. ಕೊರಳಿಗೆ ಸೆರಗು ಸುತ್ತಿಕೊಂಡಿದ್ದರು.

"ನಿಮ್ ವೈನಿ ಮಾತಾಡಿದ್ದು ನಂಗ ಕೇಳಬೇಕು. ಅಷ್ಟ."

ನಾನು ಹತ್ತಿರ ಹೋಗಿ, "ಆರಾಮದೀರೇನ್ರಿ ವೈನಿ?" ಎಂದೆ. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತೇವೆ. ಅವರ ತುಟಿ ಅಲುಗಿತು, ಏನೂ ಕೇಳಲಿಲ್ಲ. ಕಿವಿ ಕಿಟಕಿಗೆ ತಂದೆ. "ಆರಾಮದೀನಿ ತಮ್ಮಾ." ಬಟ್ಟೆಗೆ ಬಟ್ಟೆ ತಾಗಿದಷ್ಟು ಸದ್ದು. ಗಂಟಲಲ್ಲಿ ಗಡ್ಡೆಯಾಗಿ ಆಪರೇಶನ್ ಮಾಡಿದ್ದರಂತೆ. ಗಡ್ಡೆಯ ಜೊತೆ ದನಿಯೂ ಹೋಯಿತು, ಉಳಿದದ್ದು ಈ ಪಿಸುಗುಡುವುದೊಂದೇ. ಗಾಳಿ, ಧೂಳು ತಾಗಿ ಕೆಮ್ಮು ಹಿಡಿದರೆ ಬಿಡುತ್ತಿರಲಿಲ್ಲ. ಸಮುದ್ರ ತೋರಿಸಿಕೊಂಡು ಬರುತ್ತೇನೆ ಎಂದು ಮಲ್ಲಪ್ಪ ಈ ಗಾಡಿ ಮಾಡಿಸಿದ್ದ. ಆದರೆ ಊರು ದಾಟುವಷ್ಟರಲ್ಲಿ ಗೊತ್ತಾಗಿತ್ತು, ಪಕ್ಕದಲ್ಲಿ ಕುಳಿತ ಹೆಂಡತಿ ಬಾಯಿ ಆಡಿಸುವುದು ಮಾತ್ರ ಕಾಣುತ್ತದೆ, ಒಂದು ಮಾತೂ ಕೇಳುವುದಿಲ್ಲ.

ಕೆಲಸ ನಡೆದಷ್ಟು ದಿನ ನೀಲವ್ವ ಅವನ ಜೊತೆ ಬಂದು ಬೇವಿನ ನೆರಳಿನಲ್ಲಿ ಕೂಡುತ್ತಿದ್ದರು. ಹಿರಿಮಗಳನ್ನು ತಿಕೋಟಾಕ್ಕೆ ಕೊಟ್ಟಿದ್ದಾರೆ. ಮಲ್ಲಪ್ಪ ಅವಳ ಮನೆಗೆಂದು ಹೋದ ಒಂದು ದಿನ ವೈನಿ ಕೈಸನ್ನೆ ಮಾಡಿ ನನ್ನನ್ನು ಕರೆದರು. ಸುತ್ತಿಗೆ ಕೆಳಗಿಟ್ಟು ಹೋದೆ.

"ಲಗ್ನ ಆದಾಗಿಂದ ಒಮ್ಮೆನೂ ಲಾರ್ಯಾಗ ಮುಂದ ಕುಂತಿಲ್ಲ ತಮ್ಮಾ. ಹೆಂಗಸರು ಕುಂಡ್ರಬಾರದು ಅಂತಿದ್ರು. ಸಮುದ್ರ ತೋರಿಸ್ತೀನಿ ಅಂತಾರ. ನಂಗ ಸಮುದ್ರದ ಹಂಬಲ ಇಲ್ಲ. ಮುಂದ ಕುಂಡ್ರಬೇಕು, ಅಷ್ಟ."

"ಕುಂಡ್ರುವಂತ್ರಿ. ಚಂದಂಗ ಮಾಡಿ ಕೊಡ್ತೀನಿ" ಎಂದೆ.

ನಾನು ಮೊದಲು ಎಂಜಿನ್ ಮುಚ್ಚಳ ಬಿಚ್ಚಿ ಒಳಗಿನಿಂದ ಬೆಂಕಿಗೆ ತಾಳುವ ಹಾಸು ಹಾಕಿದೆ, ಮೇಲಿನಿಂದ ಫೋಮು, ಅದರ ಮೇಲೆ ತೂಕದ ರಬ್ಬರು. ಕಾಲಡಿಯ ತಗಡಿಗೆ ಡಾಂಬರು ಶೀಟು. ಕ್ಲಚ್ಚು, ಬ್ರೇಕಿನ ದಂಡಗಳು ತಗಡನ್ನು ದಾಟಿ ಬರುವ ಕಡೆ ಹರಿದ ರಬ್ಬರುಗಳನ್ನು ಬದಲಿಸಿದೆ, ಗೇರಿನ ಬುಡಕ್ಕೆ ಚರ್ಮದ ಚೀಲ ಹೊಲಿದೆ. ಎರಡೂ ಬಾಗಿಲಿಗೆ ಹೊಸ ರಬ್ಬರು. ಹೊಸ ರಬ್ಬರು ಗಡುಸು, ಜೋರಾಗಿ ಹಾಕದಿದ್ದರೆ ಬಾಗಿಲು ಕೂಡುವುದಿಲ್ಲ. ವೈನಿಗೆ ಅಷ್ಟು ಬಲ ಇರಲಿಲ್ಲ. ಮಲ್ಲಪ್ಪ ಪ್ರತಿ ಸಲ ಇಳಿದು ಸುತ್ತಿ ಬಂದು ಹಾಕಿಕೊಡುತ್ತಿದ್ದ.

ಇಷ್ಟಾದ ಮೇಲೆ ತಿಕೋಟಾ ರಸ್ತೆಗೆ ಒಯ್ದೆವು. ಮೊದಲಿಗಿಂತ ಎಷ್ಟೋ ವಾಸಿ ಎಂದು ನನಗೆ ಅನಿಸಿತ್ತು. ವೈನಿ ಏನೋ ಅಂದರು. ಮಲ್ಲಪ್ಪ "ಹಾಂ?" ಎಂದ. ಮತ್ತೆ ಅಂದರು. ಮತ್ತೆ "ಹಾಂ?" ಎಂದ. ಆಮೇಲೆ ಅವರು ಅನ್ನುವುದನ್ನೇ ಬಿಟ್ಟು ಕಿಟಕಿಯ ಕಡೆ ತಿರುಗಿದರು. ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. "ಆಗಂಗಿಲ್ಲೇನು ಇಮಾಮ?" ಎಂದು ಕೇಳಿದ. ಸಿಟ್ಟಾಗಿದ್ದರೇ ಚೆನ್ನಾಗಿತ್ತು.

ಮರುದಿನ ಮಲ್ಲಪ್ಪ ಗಾಡಿ ಹೊಡೆದ, ಉಸ್ತಾದರ ಪದ್ಧತಿಯಂತೆ ನಾನು ವೈನಿಯ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತೆ. ಎಂಜಿನ್ನು ತಗ್ಗಿತ್ತು. ಸಣ್ಣ ತ್ರಿಕೋನ ಗಾಜಿನ ಮೂಲೆಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿತ್ತು, ಅದು ಸುಲಭದ ಕೆಲಸ. ಆದರೆ ಇಡೀ ಕ್ಯಾಬಿನ್ನನ್ನು ತುಂಬಿದ ಗುಂಯ್ ಎಂಬ ಸದ್ದು ಬೇರೆ ಕಡೆಯಿಂದ ಬರುತ್ತಿತ್ತು. ಬೆನ್ನ ಹಿಂದಿನಿಂದ. ಸೀಟು ತೆಗೆಸಿದ ಹಿಂಭಾಗ ಖಾಲಿ ಡಬ್ಬಿಯಂತೆ ಗಾಲಿಯ ಸದ್ದನ್ನು ಹಿಗ್ಗಿಸಿ ಮುಂದಕ್ಕೆ ಕಳಿಸುತ್ತಿತ್ತು, ಕಪಾಟಿನ ಬಾಗಿಲುಗಳು ತಾಳ ಹಾಕುತ್ತಿದ್ದವು. ಹಿಂದಿನ ಬಾಗಿಲಿನ ಸಂದಿನಿಂದ ಹೊಕ್ಕ ಗಾಳಿಯೂ ನೇರ ಕುತ್ತಿಗೆಗೇ ಬಡಿಯುತ್ತಿತ್ತು. ಮನೆಗಾಡಿಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಮುಂದಿನ ಕಡೆಗೇ ಮದ್ದು ಮಾಡುತ್ತಾರೆ, ಬೆನ್ನ ಹಿಂದೆ ಇಡೀ ಮನೆ ಬಾಯಿ ತೆರೆದು ನಿಂತಿರುವುದು ಹೊಳೆಯುವುದಿಲ್ಲ.

"ಮುಂದಕ್ಕೂ ಹಿಂದಕ್ಕೂ ನಡುವ ದಪ್ಪನ ಪರದೆ ಬೇಕು ಮಲ್ಲಣ್ಣಾ. ಮ್ಯಾಲಿಂದ ನೆಲದ ತನಕ. ಭಾರ ಇರಬೇಕು" ಎಂದೆ, ಶೆಡ್ಡಿಗೆ ಬಂದು.

ವೈನಿ ನನ್ನ ತೋಳು ಮುಟ್ಟಿದರು. ಬಗ್ಗಿದೆ. "ಕೌದಿ ಆಕ್ಕೈತೇನು?" ಎಂದರು.

ಕೌದಿಗಿಂತ ಒಳ್ಳೆಯದು ಯಾವುದಿದೆ! ಹಳೇ ಸೀರೆ, ಧೋತರ ಪದರಪದರ ಇಟ್ಟು ಒತ್ತೊತ್ತಾಗಿ ಹೊಲಿದದ್ದು. ಅವರೇ ಕುಳಿತು ಹೊಲಿದರು. ತಿಕೋಟಾದ ಮಗಳು ಬಂದು ಸೂಜಿಗೆ ದಾರ ಪೋಣಿಸಿ ಕೊಟ್ಟಳಂತೆ. ನಾನು ಹಿಂದಿನ ಗೋಡೆಗೆ ಹಾಸು ಅಂಟಿಸಿ, ಕಪಾಟುಗಳಿಗೆ ಬಿಗಿ ಚಿಲಕ ಹಾಕಿ, ಒಲೆಯ ಹತ್ತಿರದ ಗಾಳಿಯ ದಾರಿ ಮಾತ್ರ ಬಿಟ್ಟು, ಆ ಕೌದಿಯನ್ನು ಮಡಿಕೆ ಬರುವಂತೆ ನೆಲಕ್ಕೆ ತಾಗಿಸಿ ತೂಗಿ ಬಿಟ್ಟೆ.

"ಇನ್ನೊಂದು ಮಾತು" ಎಂದೆ ಮಲ್ಲಪ್ಪನಿಗೆ. "ನೀ ಮೆಲ್ಲಕ ಹೊಡಿಬೇಕು. ಗಾಲಿ ಸಪ್ಪಳಕ್ಕ ಅದಕ್ಕಿಂತ ದೊಡ್ಡ ಮದ್ದಿಲ್ಲ."

"ಹೊಡಿತೀನಿ. ಈಗ ಯಾವ ಮಾಲು ಮುಟ್ಟಿಸಬೇಕಾಗೈತಿ?" ಎಂದ.

ಈ ಸಲ ಬಬಲೇಶ್ವರದ ರಸ್ತೆ. ಅವರಿಬ್ಬರೂ ಮುಂದೆ, ನಾನು ಕೌದಿಯ ಹಿಂದೆ ಮಂಚದ ಮೇಲೆ. ಊರು ದಾಟಿತು. ಆಮೇಲೆ ಮಲ್ಲಪ್ಪನ ದನಿ ಮಂದವಾಗಿ ಕೇಳಿತು. "ಹೌದು, ಅವರ ಹೊಲಾನ ಅದು." ಸ್ವಲ್ಪ ಬಿಟ್ಟು, "ಇಲ್ಲ ಬೇ, ಮಾರ್‍ಯಾರ ಅದನ್ನ." ಮತ್ತೆ ಸ್ವಲ್ಪ ಬಿಟ್ಟು ಅವನು ನಕ್ಕ. ವೈನಿ ಏನಂದರೋ ನನಗೆ ಒಂದಕ್ಷರವೂ ಕೇಳಲಿಲ್ಲ. ಅವನಿಗೆ ಕೇಳಿತ್ತು. ಕತ್ತಲಿನ ಆ ಡಬ್ಬಿಯಲ್ಲಿ ನೀರಿನ ಡ್ರಮ್ಮು ಹಿಡಿದುಕೊಂಡು ಕುಳಿತು ನಾನು ಕಣ್ಣೊರೆಸಿಕೊಂಡೆ.

ಅವರು ಸಮುದ್ರಕ್ಕೆ ಹೋಗಿ ಬಂದರು. ಬಂದ ಮೇಲೆ ಗಂಟಲಿನ ಗಡ್ಡೆ ಮತ್ತೆ ತಲೆಯೆತ್ತಿತು. ವಿಜಯಪುರದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕರೆದುಕೊಂಡು ಹೋಗಿ ಅಂದರು. ನೀಲವ್ವ ಬಬಲೇಶ್ವರದ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಾನು ಮಣ್ಣು ಕೊಡಲು ಹೋದೆ. ಮಲ್ಲಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ವ್ಯಾನು ಮನೆಯ ಪಕ್ಕ ಧೂಳು ಹಿಡಿದು ನಿಂತಿತ್ತು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ವ್ಯಾನು ನನ್ನ ಶೆಡ್ಡಿನ ಮುಂದೆ ಬಂದು ನಿಂತಿತು. ಮಲ್ಲಪ್ಪ ಇಳಿಯಲಿಲ್ಲ.

"ಹತ್ತು ಇಮಾಮ. ಬಬಲೇಶ್ವರಕ್ಕ ಹೋಗೂಣು."

ಹತ್ತಿದೆ. ತೊರವಿ, ತಿಕೋಟಾ ಸುತ್ತಿ ಹೋಗುವ ದಾರಿ ಹಿಡಿದ. ತಿಕೋಟಾ ದಾಟಿತು. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟಗಳು, ಒಣಹಾಕುವ ಶೆಡ್ಡುಗಳು. ಒಳಗೆ ನಮ್ಮಿಬ್ಬರ ಉಸಿರು ಕೇಳುತ್ತಿತ್ತು.

"ನಿನ್ನ ಬೈಬೇಕು ಅಂತ ಎಷ್ಟ ದಿನದಿಂದ ಅನಕೊಂಡೇನಿ" ಎಂದ. "ಇಷ್ಟ್ಯಾಕ ಸಪ್ಪಳ ತಗದಿ ಅಂತ."

ನಾನು ಅವನ ಕಡೆ ತಿರುಗಿದೆ.

"ನಮ್ ಸಣ್ಣ ಮಗಳು ಕಸ್ತೂರಿ, ನಿಂಗ ಗೊತ್ತಿಲ್ಲ. ಕೂಸಿದ್ದಾಗ ಜ್ವರ ಬಂದು ಹೋತು. ನಾ ಆಗ ಲೋಡ್ ತಗೊಂಡು ದೂರ ಇದ್ದೆ. ಫೋನ್ ಎಲ್ಲಿಂದ ಬರಬೇಕು ಆವಾಗ. ನಾ ಬರೋದ್ರಾಗ ಎಲ್ಲಾ ಮುಗಿದಿತ್ತು. ಆಕಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳೋ ಧೈರ್ಯ ಆಗಲಿಲ್ಲ. ಮನ್ಯಾಗ ಆ ಹೆಸರು ತಗದ್ರ ನಾ ಎದ್ದು ಹೊರಗ ಹೋಗತಿದ್ದೆ."

ಸಮುದ್ರ ನೋಡಿಕೊಂಡು ಬರುವಾಗ ಘಾಟಿನಲ್ಲಿ ನೀಲವ್ವ ಅದನ್ನು ಹೇಳಲು ಶುರು ಮಾಡಿದರಂತೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತದ್ದು, ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಮಗು ತಲೆ ಎತ್ತಿ "ಅಪ್ಪಂದು?" ಎಂದು ಕೇಳಿದ್ದು, ತಾವು "ಹೌದವ್ವಾ, ಅಪ್ಪ ಬಂದ" ಎಂದದ್ದು. ಮಗು ಕೇಳುವುದನ್ನು ಬಿಟ್ಟ ಮೇಲೂ ಪ್ರತಿ ಲಾರಿಗೂ ತಾವೇ ಅದರ ಕಿವಿಯಲ್ಲಿ "ಅಪ್ಪ ಬಂದ, ಅಪ್ಪ ಬಂದ" ಎನ್ನುತ್ತ ಇದ್ದದ್ದು.

"ನಿಲ್ಲಸಲೇನು ಅಂದೆ" ಎಂದ ಮಲ್ಲಪ್ಪ. "ಬ್ಯಾಡ, ಹೊಡಿರಿ ಅಂದ್ಳು. ನಿಲ್ಲಿಸಿದ್ರ ನೀವು ಇಳದು ಹೋಗತೀರಿ ಅಂದ್ಳು."

ಗಾಡಿ ಅದೇ ನಿಧಾನದಲ್ಲಿ ಹೋಗುತ್ತಿತ್ತು.

"ಆಮ್ಯಾಲ ಏನಂದ್ರು ವೈನಿ?" ಎಂದು ಕೇಳಿದೆ.

"ಏನೂ ಇಲ್ಲ. ಸಿಟ್ಟಿಲ್ಲ ಅಂತನೂ ಹೇಳಲಿಲ್ಲ. ಹೇಳಿ ಮುಗಿಸಿದ್ಳು, ಹಂಗ ಸೀಟಿಗೆ ತಲಿ ಕೊಟ್ಟು ನಿದ್ದಿ ಹೋದ್ಳು. ಘಾಟ್ ಮುಗಿಯೋ ತನ ಎಚ್ಚರ ಆಗಲಿಲ್ಲ ಆಕಿಗೆ. ಎಷ್ಟೋ ವರ್ಷ ಆಗಿತ್ತು ಇಮಾಮ, ಆಕಿ ಹಂಗ ನಿದ್ದಿ ಮಾಡಿದ್ದು ನಾ ನೋಡಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ತಾನೇ ಮಾತಾಡಿದ. "ಬೈಯಾಕಂತ ಬಂದೆ. ಈಗ ಬಾಯಿ ಬರವಲ್ಲದು. ನಂಗ ಕೇಳಿರದಿದ್ರ ಆಕಿ ಅದನ್ನ ಕಟಗೊಂಡ ಹೋಗತಿದ್ಳು."

ರಬ್ಬರು, ಫೋಮು, ಡಾಂಬರು ಶೀಟಿನ ಮನುಷ್ಯ ನಾನು. ಅವನ ಭುಜದ ಮೇಲೆ ಕೈ ಇಟ್ಟೆ. ಹಾಗೇ ಬಬಲೇಶ್ವರ ಬಂತು.

ಬಸ್ ಸ್ಟ್ಯಾಂಡಿನ ಎದುರು ನಿಲ್ಲಿಸಿದ. ಮನೆಗೆ ಬಾ, ಚಹಾ ಕುಡಿ ಎನ್ನಲಿಲ್ಲ. "ನೀ ನಡಿ. ನಾ ಸ್ವಲ್ಪ ಕುಂಡ್ರತೀನಿ" ಎಂದ. ಮಗಳು ಗಾಡಿ ಮಾರಿಬಿಡು ಎನ್ನುತ್ತಿದ್ದಾಳೆ, ಮಾರುವ ಮನಸ್ಸಾಗಿಲ್ಲ ಎಂದೂ ಹೇಳಿದ. ನಾನು ಇಳಿದು ಬಾಗಿಲು ಹಾಕಿ ರಸ್ತೆ ದಾಟಿದೆ.

ವಿಜಯಪುರದ ಬಸ್ಸಿಗೆ ಕಾಯುತ್ತ ನಿಂತು ಆ ಕಡೆ ನೋಡಿದೆ. ಮಲ್ಲಪ್ಪ ಎಂಜಿನ್ ಆರಿಸಿದ್ದ. ಗಾಜುಗಳನ್ನು ಮೇಲೆ ಏರಿಸಿದ್ದ. ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಮಾತಾಡುತ್ತಿದ್ದ. ತುಟಿ ಅಲುಗುವುದು ಕಾಣುತ್ತಿತ್ತು. ಒಂದು ಕೈಯನ್ನು ಮೇಲೆತ್ತಿ ಏನನ್ನೋ ವಿವರಿಸುತ್ತಿದ್ದ, ಮತ್ತೆ ಸುಮ್ಮನಾಗುತ್ತಿದ್ದ, ಮತ್ತೆ ಮಾತಾಡುತ್ತಿದ್ದ. ಸುತ್ತಲೂ ಜನ ಓಡಾಡುತ್ತಿದ್ದರು. ಗಾಡಿಯ ಬಾಗಿಲಿಗೇ ಒರಗಿ ಒಬ್ಬ ಬಾಳೆಹಣ್ಣು ಮಾರುತ್ತಿದ್ದ, ಅವನೂ ತಿರುಗಿ ನೋಡಲಿಲ್ಲ. ಒಂದು ಮಾತೂ ಹೊರಗೆ ಬರುತ್ತಿರಲಿಲ್ಲ.

ಬಸ್ಸು ಬಂತು. ನಾನು ಹತ್ತಿ ಆ ಕಡೆಯ ಕಿಟಕಿಯ ಬಳಿ ಕುಳಿತೆ. ಬಸ್ಸು ಹೊರಟಾಗಲೂ ಅವನು ಇನ್ನೂ ಮಾತಾಡುತ್ತಲೇ ಇದ್ದ.